ಎರಡನೇ ಪೆಟ್ಟು

ಮಾರ್ಚ್ ೩, ಸೋಮವಾರ

ಊರಿಗೆಲ್ಲ ಬೀಗ ಹಾಕಿಕೊಟ್ಟವನ ಮನೆಗೇ ಕಳ್ಳ ನುಗ್ಗಿದ. ಬೇರೆ ಯಾರಿಗಾದರೂ ಹೀಗಾಗಿದ್ದರೆ ನಾನೇ ಮೊದಲು ನಗುತ್ತಿದ್ದೆ. ಎದುರಂಗಡಿಯ ದರ್ಜಿ ಬೆಳಿಗ್ಗೆಯೇ ಶುರು ಮಾಡಿದ. "ಏನ್ರೀ, ನಿಮ್ಮ ಹಿಂಬಾಗ್ಲಿಗೆ ಬೀಗ ಯಾವ ಅಂಗ್ಡಿಯಿಂದ ತಂದಿದ್ರಿ? ಹೇಳಿ, ಆ ಕಡೆ ತಲೆ ಹಾಕಲ್ಲ." ಹಲ್ಲು ಕಿರಿದು ಒಳಗೆ ಬಂದೆ.

ಇದು ಹಳೆಯ ಆರ್ಡರ್ ಪುಸ್ತಕ, ಹಿಂದಿನ ಅರ್ಧ ಖಾಲಿಯಿದೆ. ತಲೆಯಲ್ಲಿ ಸುತ್ತುತ್ತಿರುವುದನ್ನು ಎಲ್ಲಾದರೂ ಸುರಿಯಬೇಕು. ಓದುವವನು ನಾನೊಬ್ಬನೇ, ಯಾರನ್ನೂ ಮೆಚ್ಚಿಸಬೇಕಾಗಿಲ್ಲ.

ಶನಿವಾರ ಮಧ್ಯಾಹ್ನ ಎರಡು ಗಂಟೆ. ಶಟರ್ ಅರ್ಧ ಇಳಿಸಿ, ಅಂಗಡಿಯಲ್ಲೇ ಮೇಜಿನ ಮೇಲಿದ್ದುದನ್ನು ಪಕ್ಕಕ್ಕೆ ಸರಿಸಿ ಊಟಕ್ಕೆ ಕೂತಿದ್ದೆವು. ಹಿಂದಿನ ಎರಡು ಕೋಣೆಗಳಲ್ಲಿ ನಮ್ಮ ಸಂಸಾರ. ಹೆಂಡತಿ ಡ್ರೈವಿಂಗ್ ಸ್ಕೂಲಿನಲ್ಲಿ ಯಾರಿಗೋ ರಿವರ್ಸ್ ಕಲಿಸುತ್ತಿದ್ದಳು. ಮನೆಯಲ್ಲಿದ್ದವರು ನಾನು ಮತ್ತು ಅತ್ತೆ, ಅವಳ ತಾಯಿ. ಅವರಿಗೆ ಅರವತ್ತೆಂಟು ವರ್ಷ, ಹನ್ನೊಂದು ವರ್ಷದಿಂದ ನಮ್ಮ ಜೊತೆಗಿದ್ದಾರೆ. ಆ ನಾಯಿ ಹಿಂಬಾಗಿಲಿನಿಂದ ಬಂದ. ಕೈಯಲ್ಲಿ ಗೇಣುದ್ದದ ಚಾಕು. ದುಡ್ಡು ಕೇಳಲಿಲ್ಲ. ಗೋಡೆಯ ಮೇಲಿನ ಕೀಲಿಕೈ ಹಲಗೆ ತೋರಿಸಿ, "ಇಪ್ಪತ್ತೇಳನೇ ನಂಬರ್ ಮನೆ ಕೀ ಕೊಡು" ಎಂದ. ಆ ಮನೆಯಲ್ಲಿರುವವರು ಪಿಟೀಲು ಕಲಿಸುವ ಮೇಡಂ, ಒಬ್ಬರೇ. ನಕಲು ಮಾಡಲು ಬಂದ ಕೀಲಿಕೈಗಳಿಗೆಲ್ಲ ಮನೆ ನಂಬರಿನ ಚೀಟಿ ಕಟ್ಟಿ ತೂಗುಹಾಕುವುದು ನನ್ನ ಪದ್ಧತಿ. ಹುಡುಕಲು ಗಿರಾಕಿಗೆ ಸುಲಭ ಎಂದುಕೊಂಡಿದ್ದೆ. ಕಳ್ಳನಿಗೂ ಸುಲಭ ಎಂದು ಹೊಳೆದಿರಲಿಲ್ಲ.

ನನಗೆ ಕುರ್ಚಿಯಿಂದ ಏಳಲೂ ಆಗಲಿಲ್ಲ. ಅವನು ಚಾಕುವನ್ನು ನನ್ನ ಕುತ್ತಿಗೆಯ ಹತ್ತಿರ ತಂದ. ಅತ್ತೆ ಎದ್ದರು. ಶಟರ್ ಎಳೆಯುವ ಕೊಕ್ಕೆಕೋಲು ತೆಗೆದುಕೊಂಡು ಅವನ ಮೊಣಕಾಲಿನ ಹಿಂದೆ ಎಡಗೈಯಲ್ಲಿ ಒಂದೇ ಒಂದು ಏಟು ಕೊಟ್ಟರು. ಅವನು ಕುಸಿದ, ಮೇಜಿನ ಅಂಚು ಹಣೆಗೆ ಬಡಿಯಿತು, ಚಾಕು ಬೀರುವಿನ ಅಡಿಗೆ ಹೋಯಿತು. ಕೈಗೂ ಪೆಟ್ಟಾಯಿತು. ಆಂಬುಲೆನ್ಸ್ ಬಂತು, ಪೊಲೀಸರು ಬಂದರು.

ಆ ವಯಸ್ಸಿನಲ್ಲಿ ಎಂಥ ಗುಂಡಿಗೆ! ಕೈ ನಡುಗಲಿಲ್ಲ, ಧ್ವನಿ ಏರಲಿಲ್ಲ. ನಾನು ಮಾತ್ರ ಕುರ್ಚಿಗೆ ಅಂಟಿಕೊಂಡಿದ್ದೆ. ಇನ್ನೊಮ್ಮೆ ಹಾಗಾಗಲು ಬಿಡುವುದಿಲ್ಲ. ನಾಳೆಯೇ ಪಿಸ್ತೂಲಿಗೆ ಅರ್ಜಿ ಹಾಕುತ್ತೇನೆ.

ಮಾರ್ಚ್ ೪, ಮಂಗಳವಾರ

ಪರವಾನಗಿ ಕಚೇರಿ ಎರಡನೇ ಮಹಡಿಯಲ್ಲಿದೆ. ಆಯುಧ ವಿಭಾಗದ ಗುಮಾಸ್ತ ಸಣ್ಣ ಧ್ವನಿಯವನು, ಮಾತಾಡುತ್ತಲೇ ಪೆನ್ಸಿಲು ಕೆತ್ತುತ್ತಾನೆ. ಅರ್ಜಿ ಹದಿನಾರು ಪುಟ. ವೈದ್ಯರ ಪತ್ರ ಬೇಕು, ಕಣ್ಣಿನ ಪರೀಕ್ಷೆಯಾಗಬೇಕು, ಹನ್ನೆರಡು ದಿನ ತರಬೇತಿಗೆ ಹೋಗಬೇಕು, ಮನೆಯಲ್ಲಿರುವ ಪ್ರತಿಯೊಬ್ಬ ವಯಸ್ಕರೂ ಒಪ್ಪಿ ಸಹಿ ಹಾಕಬೇಕು. ಗೋಡೆಗೆ ಬಿಗಿದ ಕಬ್ಬಿಣದ ಕಪಾಟು ಬೇರೆ. ಅದರಲ್ಲಿ ಎರಡು ಖಾನೆ, ಎರಡು ಬೀಗ. ಪಿಸ್ತೂಲು ಒಂದರಲ್ಲಿ, ಗುಂಡು ಇನ್ನೊಂದರಲ್ಲಿ.

"ಕಳ್ಳ ಬಂದಾಗ, 'ಸ್ವಲ್ಪ ಕೂತ್ಕೊಳಪ್ಪ, ಎರಡು ಬೀಗ ತೆಗೀಬೇಕು' ಅನ್ಲಾ?" ಎಂದೆ.

"ಎರಡು ಬೀಗ ತೆಗೆಯೋಷ್ಟರಲ್ಲಿ ಸಿಟ್ಟು ಇಳಿಯುತ್ತೆ ಅಂತ ನಿಯಮ ಮಾಡಿದೋರ ಲೆಕ್ಕ. ಇನ್ನೊಂದು, ಇದು ಮನೇಲಿ ಇಟ್ಕೊಳ್ಳೋಕೆ ಮಾತ್ರ. ಜೇಬಲ್ಲಿ ಹಾಕ್ಕೊಂಡು ತಿರುಗೋಕೆ ಬೇರೆ ಅರ್ಜಿ. ಅದು ಸಿಗಲ್ಲ."

"ಸಿಗಲ್ಲ ಅಂದ್ಮೇಲೆ ಅರ್ಜಿ ಯಾಕಿಟ್ಟಿದೀರಿ?"

"ಕೇಳೋರು ಇರ್ತಾರಲ್ಲ ಸ್ವಾಮಿ."

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವುದು ಇದಕ್ಕೇ. ಕಪಾಟು ಮಾತ್ರ ನನಗೆ ನೀರು ಕುಡಿದಷ್ಟು ಸುಲಭ. ತಗಡು ಮನೆಯಲ್ಲೇ ಇದೆ. ಅವರ ಇಡೀ ಕಚೇರಿಯಲ್ಲಿ ಇಲ್ಲದಂಥ ಬೀಗ ಅದಕ್ಕೆ ಕೂರಿಸುತ್ತೇನೆ.

ಮಾರ್ಚ್ ೫, ಬುಧವಾರ

ಅರ್ಜಿಯ ಹದಿನಾಲ್ಕನೇ ಪ್ರಶ್ನೆ: ಕಳೆದ ಐದು ವರ್ಷಗಳಲ್ಲಿ ನೀವು ಯಾರಿಗಾದರೂ ದೈಹಿಕ ಗಾಯ ಉಂಟುಮಾಡಿದ್ದೀರಾ? ಹೌದಾದರೆ ವಿವರಿಸಿ.

ಮೂರು ಗೆರೆ ಜಾಗ ಬಿಟ್ಟಿದ್ದಾರೆ. ಅಲ್ಲಿ ಬರೆಯಲಾಗದ್ದನ್ನು ಇಲ್ಲಿ ಬರೆಯುತ್ತೇನೆ. ಸೋಮವಾರ ಒಂದು ಸಂಗತಿಯನ್ನು ಹಾರಿಸಿಬಿಟ್ಟೆ.

ಅವನು ಬಿದ್ದ ಮೇಲೆ ಅತ್ತೆ ಕೋಲನ್ನು ಗೋಡೆಗೆ ಒರಗಿಸಿದರು. ಅವನನ್ನು ಗೋಡೆಯ ಕಡೆಗೆ ಮಗ್ಗುಲು ತಿರುಗಿಸಿ, ಉಸಿರು ನೋಡಿ, ಹಣೆಯ ರಕ್ತ ಒರೆಸಲು ಬಟ್ಟೆ ತರುತ್ತೇನೆಂದು ಒಳಗೆ ಹೋದರು. ಆಗ ನನ್ನ ಕಾಲಿಗೆ ಜೀವ ಬಂತು. ಮೇಜಿನ ಮೇಲೆ ಗೋದಾಮಿಗೆ ಹಾಕುವ ಬೀಗವಿತ್ತು, ಎರಡು ಕಿಲೋ ತೂಕದ್ದು. ಎತ್ತಿ ಅವನ ಬಲಗೈ ಮೇಲೆ ಅಪ್ಪಳಿಸಿದೆ. ಮೂಳೆ ಮುರಿದ ಸದ್ದು ಕೇಳಿತು. ಅವನು ಕಿರುಚಿದ. ತಿರುಗಿ ನೋಡಿದರೆ ಅತ್ತೆ ಬಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದರು.

ಗೋಡೆ ನೋಡಿಕೊಂಡು ಬಿದ್ದಿದ್ದವನಿಗೆ ಹೊಡೆದವರು ಯಾರೆಂದು ಗೊತ್ತಿಲ್ಲ. ಇನ್‌ಸ್ಪೆಕ್ಟರ್ ಮೇಡಂ ಬಂದು ವಿಚಾರಿಸಿದಾಗ ನಾನು ಮಾತು ಶುರು ಮಾಡುವ ಮೊದಲೇ ಅತ್ತೆ, "ಎರಡೂ ಏಟು ನಂದೇ" ಎಂದರು. ನಾನು ತೆರೆದ ಬಾಯನ್ನು ಹಾಗೇ ಮುಚ್ಚಿದೆ.

ಅಷ್ಟಕ್ಕೂ ನಾನೇನು ಮಹಾಪರಾಧ ಮಾಡಿದೆ? ಚಾಕು ತಂದವನು ಅವನು. ಬಿದ್ದಿದ್ದಾನೆಂದು ತಲೆ ಸವರಬೇಕಿತ್ತೇ? ಹದಿನಾಲ್ಕನೆಯದನ್ನು ಖಾಲಿ ಬಿಟ್ಟಿದ್ದೇನೆ.

ಮಾರ್ಚ್ ೮, ಶನಿವಾರ

ಅತ್ತೆ ಕಿಟಕಿಯ ಹತ್ತಿರ ಕೂತು ಬಟ್ಟೆ ಮಡಚುತ್ತಿದ್ದರು. ಹೆಂಡತಿ ಕೆಲಸಕ್ಕೆ ಹೋಗಿದ್ದಳು. ಈ ವಿಷಯ ಅವಳಿಗೂ ಗೊತ್ತಿಲ್ಲ. ಕೊನೆಗೂ ಕೇಳಿದೆ: "ನೀವ್ಯಾಕೆ ಹಾಗಂದ್ರಿ?"

"ಇನ್ನೇನನ್ಲಿ? ಹೊಡೆದಾಟದ ಕೇಸಾದ್ರೆ ನಿನ್ನ ಬೀಗದ ಲೈಸೆನ್ಸ್ ಉಳಿಯುತ್ತಾ?"

ಉಳಿಯುವುದಿಲ್ಲ. ಬೀಗದವನಿಗೆ ಶಿಕ್ಷೆಯಾದರೆ ಕಸುಬಿನ ಪರವಾನಗಿ ಶಾಶ್ವತವಾಗಿ ರದ್ದು. ಊರಿನ ಬಾಗಿಲುಗಳೆಲ್ಲ ನಮ್ಮ ಕೈಯಲ್ಲಿರುತ್ತವಲ್ಲ, ಅದಕ್ಕೆ ಈ ನಿಯಮ. ನನಗೆ ಬೇರೆ ಕೆಲಸ ಬರುವುದಿಲ್ಲ. ಇಪ್ಪತ್ತೆರಡು ವರ್ಷದಿಂದ ಇದನ್ನೇ ಮಾಡಿದ್ದೇನೆ.

"ನಂಗೆ ವಯಸ್ಸಾಗಿದೆ. ಮುದುಕಿ ಅಂತ ಬಿಡ್ತಾರೆ ಬಿಡು," ಎಂದರು.

ನಿಮಗೆ ಅಷ್ಟು ಧೈರ್ಯ ಎಲ್ಲಿಂದ ಬಂತು ಎಂದು ಕೇಳಿದೆ. ಅತ್ತೆ ಮೂವತ್ತೊಂದು ವರ್ಷ ಮನೋರೋಗಿಗಳ ಆಸ್ಪತ್ರೆಯ ವಾರ್ಡಿನಲ್ಲಿ ಕೆಲಸ ಮಾಡಿದವರು. ಅದು ನನಗೆ ಗೊತ್ತಿತ್ತು. ಆದರೆ ಅಲ್ಲಿ ಏನು ಮಾಡುತ್ತಿದ್ದರೆಂದು ಹನ್ನೊಂದು ವರ್ಷದಲ್ಲಿ ಒಂದು ಸಲವೂ ಕೇಳಿರಲಿಲ್ಲ.

"ಧೈರ್ಯ ಏನು ಬಂತು, ಅಭ್ಯಾಸ. ಪಾಪ, ಕತ್ತರಿ ಹಿಡ್ಕೊಂಡು ಬರೋರು, ಗಾಜಿನ ಚೂರು ಹಿಡ್ಕೊಂಡು ಬರೋರು. ಸೇರಿದ ದಿನ ಹಿರಿಯ ನರ್ಸಮ್ಮ ಹೇಳ್ಕೊಟ್ಟಿದ್ರು. ಅವರು ನಿಂತಿರೋವರೆಗೆ ಅವರಿಂದ ನಿನ್ನ ಕಾಪಾಡ್ಕೋ. ಬಿದ್ಮೇಲೆ ನಿನ್ನಿಂದ ಅವರನ್ನ ಕಾಪಾಡು."

ಮಾತು ಮುಗಿಸಿ ನನ್ನ ಅಂಗಿಯ ಕಾಲರ್ ನೀವಿ ಮಡಚಿಟ್ಟರು. ನನ್ನನ್ನು ಒಂದು ಮಾತೂ ಬಯ್ಯಲಿಲ್ಲ. ಬೈದಿದ್ದರೆ ವಾದ ಮಾಡಬಹುದಿತ್ತು. ಪಿಸ್ತೂಲಿನ ಅರ್ಜಿಗೆ ಸಹಿ ಕೇಳಿದ್ದಕ್ಕೆ, "ಆಮೇಲೆ ನೋಡೋಣ" ಎಂದರು.

ಮಾರ್ಚ್ ೧೩, ಗುರುವಾರ

ಇನ್‌ಸ್ಪೆಕ್ಟರ್ ಮೇಡಂ ಮತ್ತೆ ಬಂದಿದ್ದರು. ಎತ್ತರದ ಹೆಂಗಸು, ನಮ್ಮ ಅರ್ಧ ಇಳಿದ ಶಟರಿಗೆ ತಲೆ ತಾಗಿಸಿಕೊಂಡೇ ಒಳಗೆ ಬರುತ್ತಾರೆ.

"ಮೊದಲನೇ ಏಟಿಗೆ ಕಾನೂನು ನಿಮ್ಮ ಪಕ್ಕ ನಿಲ್ಲುತ್ತೆ ಅಮ್ಮ," ಎಂದರು. "ಚಾಕು ಕುತ್ತಿಗೆ ಹತ್ರ ಇತ್ತು. ಇನ್ನೂ ಜೋರಾಗಿ ಹೊಡೆದಿದ್ರೂ ನಾನು ಪ್ರಶ್ನೆ ಕೇಳ್ತಿರ್ಲಿಲ್ಲ. ಆದ್ರೆ ಅಪಾಯ ಇರೋವರೆಗೇ ಆ ಹಕ್ಕು. ಅಪಾಯ ಮುಗಿದ್ಮೇಲೆ ಹೊಡೆದ್ರೆ ಅದು ಹಲ್ಲೆ. ಒಂದು ವರ್ಷದವರೆಗೆ ಶಿಕ್ಷೆ ಇದೆ."

"ಆಗ್ಲಿ," ಎಂದರು ಅತ್ತೆ, ಯಾರೋ ನಾಳೆ ನೀರು ಬರುವುದಿಲ್ಲ ಎಂದಂತೆ. "ಅವನ ಕೈ ಹೇಗಿದೆ?"

ಎರಡು ಮೂಳೆ ಮುರಿದಿವೆ, ಒಳಗೆ ಪ್ಲೇಟ್ ಹಾಕಿದ್ದಾರೆ. ಬೆರಳು ಆಡಿಸುತ್ತಾನೋ ಇಲ್ಲವೋ, ಊಟ ಯಾರು ಮಾಡಿಸುತ್ತಾರೆ ಎಂದೆಲ್ಲ ಅತ್ತೆ ವಿಚಾರಿಸಿದರು. ಮೇಡಂ ಫೈಲು ಮುಚ್ಚಿದರು.

"ಇಷ್ಟು ಕೇಳೋರು ಬಿದ್ದವನಿಗೆ ಹೊಡೆದ್ರಿ ಅಂದ್ರೆ ನಂಬೋಕೆ ಕಷ್ಟ. ಬುಧವಾರ ಬರ್ತೀನಿ. ಹೇಗೆ ಹೊಡೆದ್ರಿ ಅಂತ ಮಾಡಿ ತೋರಿಸ್ಬೇಕು."

ಇಪ್ಪತ್ತೆಂಟಕ್ಕೆ ಫೈಲು ಮೇಲಿನ ಕಚೇರಿಗೆ ಹೋಗುತ್ತದೆ. ಆಮೇಲೆ ಯಾರೂ ಹೇಳಿಕೆ ಬದಲಾಯಿಸುವಂತಿಲ್ಲ. ಇದನ್ನು ಹೇಳುವಾಗ ಮೇಡಂ ನೋಡಿದ್ದು ನನ್ನ ಕಡೆಗೆ. ನಾನು ಆಗ ಒಂದು ಸ್ಕ್ರೂ ಹುಡುಕುತ್ತಿದ್ದೆ.

ಮಾರ್ಚ್ ೧೪, ಶುಕ್ರವಾರ

ಕಪಾಟನ್ನು ಗೋಡೆಗೆ ಬಿಗಿದೆ. ಚೆನ್ನಾಗಿ ಬಂದಿದೆ. ಬೇರೇನೂ ಬರೆಯಲು ಮನಸ್ಸಿಲ್ಲ.

ಮಾರ್ಚ್ ೧೯, ಬುಧವಾರ

ಅತ್ತೆಯ ಬಲಭುಜ ಎರಡು ವರ್ಷದಿಂದ ಹಿಡಿದುಕೊಂಡಿದೆ. ಕೈ ಎದೆಯ ಮಟ್ಟಕ್ಕಿಂತ ಮೇಲೇಳುವುದಿಲ್ಲ. ಮೇಲಿನ ಶೆಲ್ಫಿನ ಟೀ ಡಬ್ಬಿ ಬೇಕಾದರೆ ನನ್ನನ್ನೇ ಕರೆಯುತ್ತಾರೆ. ಎಡಗೈಯೇ ಅವರ ಆಧಾರ.

ಮೇಡಂ ಒಬ್ಬ ಫೋಟೋದವನನ್ನೂ ಕರೆದುಕೊಂಡು ಹತ್ತು ಗಂಟೆಗೆ ಬಂದರು. ನೆಲದ ಮೇಲೆ ಚಾಪೆ ಸುತ್ತಿ, ಬಿದ್ದವನ ಜಾಗದಲ್ಲಿಟ್ಟರು. ಅತ್ತೆ ಕೊಕ್ಕೆಕೋಲಿನ ಏಟನ್ನು ಎಡಗೈಯಲ್ಲಿ ಸಲೀಸಾಗಿ ತೋರಿಸಿದರು. ಆಮೇಲೆ ಮೇಡಂ ಆ ದೊಡ್ಡ ಬೀಗವನ್ನು ಮೇಜಿನ ಮೇಲಿಟ್ಟರು.

"ಡಾಕ್ಟ್ರು ಹೇಳೋ ಪ್ರಕಾರ ಬಲಗೈಯಲ್ಲಿ, ತಲೆಗಿಂತ ಮೇಲಿಂದ ಹೊಡೆದಿರೋದು. ಹಾಗೇ ತೋರಿಸಿ."

ಆಗುವುದಿಲ್ಲ, ಇಲ್ಲಿಗೆ ಎಲ್ಲ ಮುಗಿಯಿತು ಎಂದುಕೊಂಡೆ. ನಿಜ ಹೇಳಬೇಕೆಂದರೆ ಒಳಗೊಳಗೇ ಸಮಾಧಾನವೂ ಆಯಿತು. ಸತ್ಯ ತಾನಾಗಿಯೇ ಹೊರಬರಲಿ, ನಾನು ಹೇಳುವ ಕಷ್ಟ ತಪ್ಪಲಿ ಎಂಬ ಹೇಡಿಯ ಸಮಾಧಾನ.

ಅತ್ತೆ ಬೀಗವನ್ನು ಬಲಗೈಯಲ್ಲಿ ತೆಗೆದುಕೊಂಡರು. ಕೈ ಎದೆಯವರೆಗೆ ಬಂತು, ಅಲ್ಲಿ ನಿಂತಿತು. ಮತ್ತೆ ಎತ್ತಿದರು. ಭುಜದೊಳಗೆ ಏನೋ ಲಟಕ್ಕೆಂದದ್ದು ನಾನು ನಿಂತಲ್ಲಿಗೂ ಕೇಳಿಸಿತು. ಮುಖದಲ್ಲಿ ಒಂದು ಗೆರೆಯೂ ಕದಲಲಿಲ್ಲ. ಕತ್ತಿನ ನರ ಮಾತ್ರ ಉಬ್ಬಿ ನಿಂತಿತ್ತು. ಕೈ ಕಿವಿ ದಾಟಿತು, ತಲೆ ದಾಟಿತು. ಚಾಪೆಯ ಮೇಲೆ ಧೊಪ್ಪೆಂದು ಹೊಡೆದರು. "ಹೀಗೆ," ಎಂದು ಬೀಗವನ್ನು ಮೆಲ್ಲಗೆ ಮೇಜಿನ ಮೇಲಿಟ್ಟು, ಮೇಡಂಗೆ ಟೀ ಬೇಕಾ ಎಂದು ಕೇಳಿದರು.

ಅಂಥ ಹೆಂಗಸನ್ನು ನಾನು ನೋಡಿಲ್ಲ. ಹತ್ತು ಗಂಡಾಳು ಸೇರಿದರೂ ಆ ಕೈಗೆ ಸಮ ಬರುವುದಿಲ್ಲ. ಆ ಕೈ ಎತ್ತಿದ್ದು ನನಗಾಗಿ. ಮೂರಡಿ ದೂರದಲ್ಲಿ ನಿಂತು ನಾನು ನೋಡುತ್ತಲೇ ಇದ್ದೆ.

ಮಾರ್ಚ್ ೨೦, ಗುರುವಾರ

ಬೆಳಿಗ್ಗೆ ಅತ್ತೆಗೆ ಜಡೆ ಹಾಕಿಕೊಳ್ಳಲು ಆಗಲಿಲ್ಲ. ಹೆಂಡತಿ ಬಾಚುತ್ತ, "ಅಮ್ಮ, ಭುಜ ಯಾಕಿಷ್ಟು ಊದಿದೆ?" ಎಂದಳು. "ಮಲಗಿದ್ದು ಸರಿಯಾಗಿಲ್ಲ," ಎಂದರು ಅತ್ತೆ.

ಹೆಂಡತಿಯನ್ನು ಅಂಗಡಿಗೆ ಕರೆದು ಎಲ್ಲ ಹೇಳಿದೆ. ಅವಳು ನಿಂತಲ್ಲೇ ನಿಂತಳು. ಕೈಯಲ್ಲಿ ಇನ್ನೂ ಬಾಚಣಿಗೆ ಇತ್ತು. ಕಿರುಚುತ್ತಾಳೆ ಎಂದುಕೊಂಡಿದ್ದೆ. ಕಾರು ಕಲಿಯುವವರ ಜೊತೆ ಹದಿನೈದು ವರ್ಷ ಕೂತವಳು, ಸುಲಭವಾಗಿ ಕಿರುಚುವುದಿಲ್ಲ.

"ಅಮ್ಮ ಜೈಲಿಗೆ ಹೋದ್ರೆ ನೀವು ಈ ಅಂಗಡೀಲಿ ಕೂತು ಬೀಗ ಮಾರ್ತೀರಾ?"

ಉತ್ತರ ಅವಳಿಗೆ ಬೇಕಾಗಿರಲಿಲ್ಲ. ಬಾಚಣಿಗೆಯನ್ನು ಮೇಜಿನ ಮೇಲಿಟ್ಟು ಅವಳೇ ಅಂದಳು: "ಲೈಸೆನ್ಸ್ ಹೋದ್ರೆ ಹೋಗ್ಲಿ. ನಂಗೂ ಒಂದು ಲೈಸೆನ್ಸ್ ಇದೆ, ಮನೆ ನಡೆಯುತ್ತೆ." ಹೇಳಿ ಕೆಲಸಕ್ಕೆ ಹೊರಟಳು. ಇಂಥ ಇಬ್ಬರು ಹೆಂಗಸರ ನಡುವೆ ನಾನು ಹೇಗೆ ಬಂದು ಸೇರಿದೆನೋ.

ಮಾರ್ಚ್ ೨೨, ಶನಿವಾರ

ಹಲಗೆ ಕಿತ್ತುಹಾಕಿದೆ. ಕೀಲಿಕೈಗಳನ್ನೆಲ್ಲ ಕಬ್ಬಿಣದ ಕಪಾಟಿನ ಮೇಲಿನ ಖಾನೆಯಲ್ಲಿಟ್ಟೆ, ಯಾವುದು ಯಾರದ್ದೆಂಬ ಪಟ್ಟಿಯನ್ನು ಕೆಳಗಿನ ಖಾನೆಯಲ್ಲಿ. ಎರಡು ಬೀಗ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತಾಯಿತು, ಇರಲಿ. ಪಿಟೀಲು ಮೇಡಂ ಬಂದು ಹೊಸ ಬೀಗ ಒಯ್ದರು. ಅತ್ತೆಯ ಕೈ ಹಿಡಿದುಕೊಂಡು ಬಹಳ ಹೊತ್ತು ಬಿಡಲಿಲ್ಲ.

ಗುಮಾಸ್ತ ಫೋನು ಮಾಡಿದ್ದ. ಒಂದು ಸಹಿಯೂ ಒಂದು ಉತ್ತರವೂ ಬಾಕಿ ಇದೆಯಂತೆ. ಇರಲಿ ಬಿಡಿ ಎಂದೆ. "ಇರಲಿ ಬಿಡಿ ಅನ್ನೋಕೂ ಒಂದು ಫಾರಂ ಇದೆ ಸ್ವಾಮಿ," ಎಂದ.

ಮಾರ್ಚ್ ೨೪, ಸೋಮವಾರ

ವಕೀಲರನ್ನು ಕಂಡೆ. ಹಿಂದೊಮ್ಮೆ ಅವರ ತಿಜೋರಿ ತೆಗೆದುಕೊಟ್ಟಿದ್ದೆ, ಅದರ ನೆನಪಿನಿಂದ ಕೂರಿಸಿ ಮಾತಾಡಿದರು. ಎಲ್ಲ ಕೇಳಿ ಆರಾಮಾಗಿ ಒರಗಿಕೊಂಡರು.

"ಇದಕ್ಯಾಕೆ ತಲೆ ಕೆಡಿಸ್ಕೋತೀರಿ? ಅವನು ಮತ್ತೆ ಎದ್ದು ಚಾಕು ತಗೋತಾನೆ ಅಂತ ನಿಮಗೆ ಭಯ ಆಯ್ತು. ಭಯ ಇತ್ತು ಅಂದ್ರೆ ನಿಮ್ಮ ದೃಷ್ಟೀಲಿ ಅಪಾಯ ಮುಗಿದಿರಲಿಲ್ಲ ಅಂತ. ಆಗ ಎರಡನೇದೂ ಆತ್ಮರಕ್ಷಣೆನೇ. ಭಯ ಅನ್ನೋ ಒಂದು ಮಾತು ಸಾಕು, ಲೈಸೆನ್ಸೂ ಉಳಿಯುತ್ತೆ, ಅತ್ತೇನೂ ಬಚಾವು."

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಎಷ್ಟು ಚೆಂದದ ದಾರಿ! ಹಗುರಾಗಿ ಮನೆಗೆ ಬಂದೆ. ಮೂರು ದಿನವಿದೆ, ಮಾತನ್ನು ಬಾಯಿಪಾಠ ಮಾಡಿಕೊಳ್ಳಬೇಕು.

ಮಾರ್ಚ್ ೨೫, ಮಂಗಳವಾರ

ಬಾಯಿಪಾಠ ಮಾಡುತ್ತಿದ್ದೇನೆ. 'ಅವನು ಏಳುತ್ತಾನೆ ಎಂದು ಭಯವಾಯಿತು.' ಪ್ರತಿ ಸಲವೂ ಬಾಗಿಲಲ್ಲಿ ಬಟ್ಟೆ ಹಿಡಿದು ನಿಂತ ಅತ್ತೆ ಕಾಣುತ್ತಾರೆ.

ಬಿದ್ದವರಿಗೆ ಆಳಿಗೊಂದು ಕಲ್ಲು ಎನ್ನುತ್ತಾರೆ. ಆ ಮನುಷ್ಯ ಈಗ ಯಾವ ಕೈಯಲ್ಲಿ ಉಣ್ಣುತ್ತಿದ್ದಾನೋ.

ಮಾರ್ಚ್ ೨೭, ಗುರುವಾರ

ಇನ್‌ಸ್ಪೆಕ್ಟರ್ ಮೇಡಂ ಕರೆದಿದ್ದಾರೆಂದು ಅತ್ತೆಗೆ ಹೇಳಿ, ಜೊತೆಗೆ ಠಾಣೆಗೆ ಹೋದೆ. ಅವರನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ ನಾನೊಬ್ಬನೇ ಒಳಗೆ ಹೋದೆ.

"ಎರಡನೇ ಏಟು ನಂದು ಮೇಡಂ."

ಅವರಿಗೆ ಆಶ್ಚರ್ಯವಾಗಲಿಲ್ಲ. ಹಾಳೆ ತೆಗೆದುಕೊಂಡು ಮೊದಲಿನಿಂದ ಕೇಳಿ ಬರೆದುಕೊಂಡರು. ಕೊನೆಗೆ ತಲೆಯೆತ್ತಿ, "ಅವನು ಮತ್ತೆ ಏಳ್ತಾನೆ ಅಂತ ಭಯ ಆಯ್ತಾ?" ಎಂದರು. ಧ್ವನಿ ಮೆತ್ತಗಿತ್ತು. ತಪ್ಪಿಸಿಕೊಳ್ಳುವ ಬಾಗಿಲನ್ನು ಅವರೇ ತೆರೆದು ಹಿಡಿದಿದ್ದರು. ನಾನು ಹೌದೆನ್ನಬೇಕಿತ್ತು, ಅಷ್ಟೇ. ಎರಡು ದಿನದಿಂದ ಅಭ್ಯಾಸ ಮಾಡಿದ್ದ ಮಾತು ನಾಲಿಗೆಯ ತುದಿಯಲ್ಲಿತ್ತು.

"ಭಯ ಇತ್ತು ಮೇಡಂ," ಎಂದೆ. "ಅವನು ಬೀಳೋವರೆಗೆ. ಬಿದ್ಮೇಲೆ ಇರಲಿಲ್ಲ. ಭಯ ಹೋಯ್ತು ಅಂತಾನೇ ಹೊಡೆದೆ."

ಪೆನ್ನು ನಿಂತಿತು. "ಹೀಗೇ ಬರೀಲಾ? ಬರೆದ್ರೆ ನಿಮ್ಮ ವಕೀಲರಿಗೆ ಹೇಳೋಕೆ ಏನೂ ಉಳಿಯಲ್ಲ."

"ಹೀಗೇ ಬರೀರಿ."

ಸಹಿ ಹಾಕಿದೆ. ಪ್ರಕರಣ ತೀರ್ಮಾನವಾಗುವವರೆಗೆ ಬೀಗದ ಪರವಾನಗಿ ಕಾರ್ಡನ್ನು ಅವರೇ ಇಟ್ಟುಕೊಂಡರು. ಆಮೇಲೆ ಅದು ಮರಳಿ ಬರುವ ಸಂಭವ ಕಡಿಮೆ ಎಂದೂ ಹೇಳಿದರು. ಹೊರಗೆ ಬಂದೆ. ಅತ್ತೆ ಮುಖ ನೋಡಿದ ಕೂಡಲೇ ಅರ್ಥ ಮಾಡಿಕೊಂಡರು.

"ಹೇಳ್ಬಿಟ್ಯಾ?"

"ಹೇಳ್ದೆ."

"ದಡ್ಡ ಮುಂಡೇದು." ಆಮೇಲೆ ಎದ್ದು ಸೆರಗು ಸರಿಮಾಡಿಕೊಂಡರು. "ಹಾಗಾದ್ರೆ ನಾನು ಹೇಳಿದ್ದನ್ನೂ ತಿದ್ದಿಸ್ಬೇಕು. ಇಲ್ಲೇ ಕೂತಿರು."

ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ಬೆಂಚಿನ ಮೇಲೆ ಕೂತವನಿಗೆ ಒಳಗಿನ ಮಾತು ಕೇಳಿಸುತ್ತಿತ್ತು.

"ಸುಳ್ಳು ಹೇಳಿಕೆ ಕೊಡೋದೂ ತಪ್ಪೇ ಅಮ್ಮ," ಎಂದರು ಮೇಡಂ. "ಲೈಸೆನ್ಸ್ ಉಳಿಸೋಕಾ?"

"ಅವನ ಹತ್ರ ಲೈಸೆನ್ಸ್ ಅಂತಾನೇ ಹೇಳಿದ್ದೆ. ನಿಜ ಅದಲ್ಲ." ಅತ್ತೆ ಕುರ್ಚಿ ಎಳೆದು ಕೂತ ಸದ್ದು ಬಂತು. "ನಮ್ಮ ಅಳಿಯನಿಗೆ ಇದನ್ನ ಹೊರೋ ಶಕ್ತಿ ಇಲ್ಲ ಅಂದ್ಕೊಂಡಿದ್ದೆ. ಹನ್ನೊಂದು ವರ್ಷದಿಂದ ಒಂದೇ ಮನೇಲಿದ್ದೂ ಅವನನ್ನ ತಿಳ್ಕೊಳ್ಳಿಲ್ಲ. ತಪ್ಪು ನಂದೇ. ಬರ್ಕೊಳ್ಳಿ."